ನಾಲ್ಕು ಮೂಲೆಯ ಸೌಂಡು

ಮಧುಗಿರಿಯಲ್ಲಿ ಕಡಲೆಕಾಯಿ ಮಿಲ್ಲು ಇಟ್ಟುಕೊಂಡಿದ್ದ ಚಂದ್ರಶೇಖರಯ್ಯನವರು ೧೯೮೬ರಲ್ಲಿ ಬಣ್ಣದ ಟೀವಿಯನ್ನೂ ವಿಸಿಆರನ್ನೂ ಒಟ್ಟಿಗೆ ಕೊಂಡರು. ಕೊಂಡ ವಾರಕ್ಕೆಲ್ಲ ಅವರಿಗೆ ಒಂದು ಸಂಗತಿ ಗೊತ್ತಾಯಿತು: ಟೀವಿಯೊಳಗಿನ ಜನ ಚೆನ್ನಾಗಿ ಕಾಣುತ್ತಾರೆ, ಆದರೆ ಡಬ್ಬಿಯೊಳಗೆ ಸಿಕ್ಕಿಕೊಂಡವರಂತೆ ಮಾತಾಡುತ್ತಾರೆ. ಇಪ್ಪತ್ತನಾಲ್ಕು ವರ್ಷ ಟೂರಿಂಗ್ ಟಾಕೀಸು ನಡೆಸಿದವರಿಗೆ ಇದು ಸಹಿಸಲಾಗದ ಮಾತು. ತಮ್ಮ ಟೆಂಟನ್ನು ತಾವರೆಕೆರೆಯಲ್ಲಿ ಹಾಕಿದರೆ ಎರಡು ಮೈಲಿ ಆಚೆ ಕುರಿಗಳು ಕಿವಿ ನಿಮಿರಿಸುತ್ತಿದ್ದವು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕುರಿಗಳನ್ನು ಯಾರೂ ವಿಚಾರಿಸಿರಲಿಲ್ಲ.

ಮಾಳಿಗೆಯ ಹಾಲಿನ ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿ, ನೆಲಕ್ಕೆ ಹೊಸ ಜಮಖಾನ ಹಾಸಿಸಿ, ಹಿಂದುಗಡೆ ಹನ್ನೆರಡು ಕುರ್ಚಿ ಇಡಿಸಿ, ಅದಕ್ಕೆ ‘ಮನೆ ಥೇಟರು’ ಎಂದು ಹೆಸರಿಟ್ಟರು. ಅವರ ಹೆಂಡತಿ ಜಗದಾಂಬ ಅದನ್ನು ‘ಮಾಳಿಗೆ ಟೆಂಟು’ ಎಂದರು. ಬೀದಿಯವರಿಗೆ ಎರಡನೆಯ ಹೆಸರು ಹಿಡಿಸಿತು.

ಸೌಂಡಿಗೆ ಶಿರಾದ ಇನಾಯತ್ ಸಾಬರನ್ನು ಕರೆಸಿದರು. ರೇಡಿಯೋ ರಿಪೇರಿಯಲ್ಲಿ ಶಿರಾ ಪೇಟೆಗೆಲ್ಲ ಅವರೇ ದೊಡ್ಡವರು. ಅವರ ಹತ್ತಿರ ಎರಡು ಸೆಟ್ ಇದ್ದವು. ಒಂದು, ಅವರೇ ಕೂತು ಜೋಡಿಸಿದ ಆಂಪ್ಲಿಫೈಯರು. ತಗಡಿನ ಪೆಟ್ಟಿಗೆ, ಎರಡು ತಿರುಗುಗುಂಡಿ, ಒಂದು ಕೆಂಪು ದೀಪ. ಇನ್ನೊಂದು, ಅವರ ಭಾವಮೈದುನ ದುಬೈಯಿಂದ ಹೊತ್ತು ತಂದದ್ದು; ಜಪಾನಿನ ಮಾಲು. ಅದರ ಹಸಿರು ದೀಪಗಳನ್ನು ಎಣಿಸುವುದಕ್ಕೇ ಚಂದ್ರಶೇಖರಯ್ಯನವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

‘ಇದು ಬರೀ ಆಂಪ್ಲಿಫೈಯರ್ ಅಲ್ಲ ಸಾಹುಕಾರ್ರೆ, ರಿಸೀವರ್. ರೇಡಿಯೋ ಒಳಗೇ ಐತೆ. ಮುಂದೆ ಎರಡು ಸ್ಪೀಕರ್, ಹಿಂದೆ ಎರಡು. ನಾಲ್ಕು ಮೂಲೆಯಿಂದ ಸೌಂಡು ಬಂದು ನಿಮ್ಮನ್ನ ತಬ್ಕೊಂತದೆ. ಸಿನಿಮಾದಾಗೆ ಮಳೆ ಬಂದ್ರೆ ನೀವು ಛತ್ರಿ ಹುಡುಕ್ತೀರಿ, ಖುದಾ ಕಸಮ್.’

‘ನಮ್ಮೂರಲ್ಲಿ ಮಳೆ ನೋಡಕ್ಕೆ ಅಷ್ಟು ಖರ್ಚು ಮಾಡ್ಬೇಕು ಅನ್ನಿ ಸಾಬ್ರೆ,’ ಎಂದರು ಜಗದಾಂಬ.

ಚಂದ್ರಶೇಖರಯ್ಯನವರ ಮನಸ್ಸು ಜಪಾನಿನ ಕಡೆ ಇತ್ತು, ನಂಬಿಕೆ ತಗಡಿನ ಕಡೆ ಇತ್ತು. ಇಂಥ ಹೊತ್ತಿನಲ್ಲಿ ದೊಡ್ಡವರು ಮಾಡುವುದನ್ನೇ ಅವರೂ ಮಾಡಿದರು; ತೀರ್ಮಾನವನ್ನು ಇನ್ನೊಬ್ಬರ ತಲೆಗೆ ಕಟ್ಟಿದರು. ಬರಗೂರಿಗೆ ಒಂದು ಕಾರ್ಡು ಬರೆದು ಹಾಕಿದರು: ‘ದಾಸಣ್ಣ, ಭಾನುವಾರ ಮಧ್ಯಾಹ್ನ ಬಾ. ಎರಡು ಸೆಟ್ ಇವೆ. ನಿನ್ನ ಕಿವಿ ಯಾವುದು ಅನ್ನುತ್ತದೋ ಅದೇ ತೆಗೆದುಕೊಳ್ಳೋಣ. ಬಸ್ ಸ್ಟ್ಯಾಂಡ್ ಹಿಂದಿನ ಹೊಸ ಥೇಟರಿನ ಗೋಡೆ ಮೇಲೆದ್ದಿದೆ. ಯುಗಾದಿಗೆ ಆರಂಭ. ಆಪರೇಟರ್ ಕೆಲಸದ ಮಾತನ್ನೂ ಅವತ್ತೇ ಆಡೋಣ.’

ದಾಸಣ್ಣ ಆ ಟೆಂಟಿಗೆ ಇಪ್ಪತ್ತನಾಲ್ಕು ವರ್ಷವೂ ಆಪರೇಟರ್ ಆಗಿದ್ದವನು. ಮೂರು ತಾಲ್ಲೂಕಿನಲ್ಲಿ ಅವನ ಕಿವಿಗೆ ಹೆಸರಿತ್ತು. ಚಿತ್ರ ಓಡಿಸುವ ಮಿಷನ್ನಿನ ಸದ್ದು ಕೇಳಿಯೇ ರೀಲು ಎಲ್ಲಿ ಕಿತ್ತುಕೊಳ್ಳಲಿದೆ ಎಂದು ಹೇಳಬಲ್ಲವನು. ಕಾರ್ಡನ್ನು ಅವನು ಎರಡು ಸಲ ಓದಿದ. ಕಾರ್ಡು ಅವನಿಗೆ ಒಗ್ಗುವ ವಸ್ತು. ಏಕೆಂದರೆ ಎರಡು ವರ್ಷದಿಂದ ದಾಸಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ.

ಅದು ಒಂದೇ ದಿನ ಹೋದದ್ದಲ್ಲ. ಟೆಂಟಿನ ಕೊನೆಯ ಚಳಿಗಾಲದಲ್ಲಿ, ತಾವರೆಕೆರೆಯಲ್ಲಿ, ಮಿಷನ್ನು ಬಹಳ ಮೆತ್ತಗೆ ಓಡುತ್ತಿದೆಯಲ್ಲ ಎಂದು ಅವನಿಗೆ ಖುಷಿಯಾಗಿತ್ತು. ಎಣ್ಣೆ ಚೆನ್ನಾಗಿ ಕುಡಿದಿದೆ ಎಂದುಕೊಂಡ. ಆಮೇಲೆ ಗೊತ್ತಾದದ್ದು, ಎಣ್ಣೆಯದೇನೂ ತಪ್ಪಿಲ್ಲ ಎಂದು. ವೀಡಿಯೋ ಬಂದು ಟೆಂಟು ಮುಚ್ಚಿತು. ಟೆಂಟಿನ ಬಟ್ಟೆ ಮಿಲ್ಲಿನಲ್ಲಿ ಕಡಲೆಕಾಯಿ ಒಣಹಾಕುವುದಕ್ಕೆ ಹೋಯಿತು, ದಾಸಣ್ಣ ಭಾವನ ಕುರಿಗಳ ಹಿಂದೆ ಹೋದ. ಕುರಿಗಳು ಏನನ್ನೂ ಕೇಳುವುದಿಲ್ಲ, ಉತ್ತರವನ್ನೂ ಬೇಡುವುದಿಲ್ಲ. ಮರುವರ್ಷ ಅವನ ತಾಯಿ ತೀರಿಕೊಂಡಾಗ ಅಕ್ಕತಂಗಿಯರು ಹೆಣದ ಸುತ್ತ ಕೂತು ಬಾಯಿ ತೆರೆದರು. ದಾಸಣ್ಣ ನೋಡುತ್ತ ನಿಂತ. ಮಿಷನ್ನಿನೊಳಗೆ ಸೌಂಡಿಗೆಂದೇ ಒಂದು ಪುಟ್ಟ ದೀಪ ಇರುತ್ತದೆ. ಅದು ಸುಟ್ಟುಹೋದರೆ ಚಿತ್ರ ಓಡುತ್ತದೆ, ಮಾತು ಬರುವುದಿಲ್ಲ. ಆ ದೀಪ ಬದಲಾಯಿಸಬೇಕಲ್ಲ ಎಂಬುದೊಂದೇ ಅವನಿಗೆ ಆಗ ಹೊಳೆದ ವಿಚಾರ. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂಬ ಬೇಸರವೂ ಬರಲಿಲ್ಲ.

ಸಂಗತಿ ಗೊತ್ತಿದ್ದದ್ದು ಹೆಂಡತಿ ಭೀಮಕ್ಕನಿಗೆ ಮಾತ್ರ. ದಾಸಣ್ಣ ತುಟಿ ನೋಡಿ ಮಾತು ಹಿಡಿಯುತ್ತಿದ್ದ, ಹಿಡಿಯಲಾಗದಿದ್ದರೆ ತಲೆಯಾಡಿಸುತ್ತಿದ್ದ. ಹಳ್ಳಿಯಲ್ಲಿ ತಲೆಯಾಡಿಸುವವನನ್ನು ಯಾರೂ ಕಿವುಡ ಎನ್ನುವುದಿಲ್ಲ, ಒಳ್ಳೆಯವನು ಎನ್ನುತ್ತಾರೆ. ಭೀಮಕ್ಕ ದನಿಯನ್ನು ದಂಡ ಮಾಡುವುದೇಕೆಂದು ಅವನೊಡನೆ ಬರೀ ತುಟಿಯಲ್ಲೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

‘ಓಗ್ಬ್ಯಾಡ ಕಣಯ್ಯ,’ ಎಂದಳು ಕಾರ್ಡು ಬಂದ ದಿನ. ‘ಕಿವಿ ಕೇಳಾಕಿಲ್ಲ ಅಂತ ಒಂದು ಕಾರ್ಡು ಬರ್ದಾಕು.’

‘ಬರ್ದಾಕಿದ್ರೆ ಹೊಸ ಥೇಟರು?’

‘ಥೇಟರು ಯುಗಾದಿಗೆ. ನಿನ್ ಮರ್ವಾದೆ ಭಾನ್ವಾರಕ್ಕೇ.’

‘ಕುರಿ ಹಿಂದೆ ಸಾಯಾ ತಂಕ ಓಗಾಕೆ ನನ್ ಕೈಲಾಗಾಕಿಲ್ಲ ಭೀಮಿ. ಮಿಷನ್ನು ಕೈಯಾಗಿದ್ರೆ ಸಾಕು. ಸೌಂಡು ಎಷ್ಟು ಬುಡ್ಬೇಕು ಅನ್ನಾದು ನಂಗೆ ಕಿವಿ ಇಲ್ದಿದ್ರೂ ಗೊತ್ತಾಯ್ತದೆ.’

ಇದು ಬರೀ ಜಂಬವಾಗಿರಲಿಲ್ಲ. ಟೆಂಟಿನ ಕಾಲದಲ್ಲಿ ಪ್ರತಿ ಆಟಕ್ಕೂ ಒಂದು ಸಲ ದಾಸಣ್ಣ ಮಿಷನ್ನನ್ನು ಜೊತೆಯವನಿಗೆ ಬಿಟ್ಟು, ಪರದೆಯ ಪಕ್ಕಕ್ಕೆ ಹೋಗಿ, ಸಿನಿಮಾಕ್ಕೆ ಬೆನ್ನು ಹಾಕಿ ಜನರ ಮುಖ ನೋಡುತ್ತ ನಿಲ್ಲುತ್ತಿದ್ದ. ಅದರಲ್ಲೂ ಹೆಂಗಸರ ಕಡೆ. ಅವರ ಮಡಿಲಲ್ಲಿ ಕಡಲೆಕಾಯಿ ಇದ್ದೇ ಇರುತ್ತಿತ್ತು. ಸೌಂಡು ಕಮ್ಮಿಯಾದರೆ ಕತ್ತು ಮುಂದೆ ಬರುತ್ತದೆ, ಜಾಸ್ತಿಯಾದರೆ ಹುಬ್ಬು ಗಂಟಾಗುತ್ತದೆ, ಸರಿಯಾಗಿದ್ದರೆ ಕಡಲೆಕಾಯಿ ಸುಲಿಯುವ ಕೈ ನಿಲ್ಲುತ್ತದೆ. ಕೈ ನಿಲ್ಲುವವರೆಗೆ ಅವನು ಬ್ಯಾಟರಿಯಿಂದ ಕ್ಯಾಬಿನ್ನಿನ ಕಡೆ ಬೆಳಕು ಬಿಡುತ್ತಿದ್ದ. ಒಂದು ಸಲವಾದರೆ ಏರಿಸು, ಎರಡು ಸಲವಾದರೆ ಇಳಿಸು. ಅವನ ಕಿವಿಯ ಖ್ಯಾತಿಯಲ್ಲಿ ಅರ್ಧ ಪಾಲು ಈ ಕೈಗಳದ್ದು.

ಆದರೂ ಭೀಮಕ್ಕ ಅವನೊಬ್ಬನನ್ನೇ ಕಳಿಸಲಿಲ್ಲ. ಜಗದಾಂಬನವರಿಗೆ ಹುಣಸೆಹಣ್ಣು ಕೊಡುವ ನೆಪ ಮಾಡಿ ಕುಕ್ಕೆ ಹೊತ್ತು ತಾನೂ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಸನ್ನೆ ಗೊತ್ತು ಮಾಡಿಕೊಂಡರು. ಸೆರಗು ತಲೆಯ ಮೇಲೆ ಬಂದರೆ ಸೌಂಡು ಜಾಸ್ತಿ. ಸೊಂಟಕ್ಕೆ ಸಿಕ್ಕಿಸಿದರೆ ಕಮ್ಮಿ. ಹೆಗಲ ಮೇಲೆ ಸುಮ್ಮನೆ ಇದ್ದರೆ ಚೆನ್ನಾಗಿದೆ.

ಭಾನುವಾರ ಮಧ್ಯಾಹ್ನ ಮಾಳಿಗೆ ಟೆಂಟಿನಲ್ಲಿ ಬೀದಿಯ ಎಂಟು ಜನ ಹೆಂಗಸರು ಕೂತಿದ್ದರು. ದಾಸಣ್ಣನೇ ಕೇಳಿ ಕರೆಸಿದ್ದು. ಎಲ್ಲರಿಗೂ ಒಂದೊಂದು ಬೊಗಸೆ ಹುರಿದ ಕಡಲೆಕಾಯಿ ಕೊಡಿಸಬೇಕು ಎಂದೂ ಕೇಳಿದ.

‘ಹೊಸ ಜಮಖಾನ ಕಣಯ್ಯ ಅದು,’ ಎಂದರು ಜಗದಾಂಬ.

‘ಮಿಲ್ಲೇ ಇಟ್ಕೊಂಡು ಒಂದು ಬೊಗಸೆಗೆ ಅಳ್ತೀಯಲ್ಲ. ಅವನ ಪದ್ಧತಿ ಅದು, ಕೊಡು,’ ಎಂದರು ಚಂದ್ರಶೇಖರಯ್ಯ, ಬೆತ್ತದ ಕುರ್ಚಿಯಲ್ಲಿ ಪಕ್ಕಕ್ಕೆ ಕೂತು. ದಾಸಣ್ಣನಿಗೂ ಒಂದು ಬೊಗಸೆ ಸಿಕ್ಕಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಟೀವಿಗೆ ಬೆನ್ನು ಹಾಕಿ, ಹೆಂಗಸರಿಗೆ ಮುಖ ಮಾಡಿ ಮಣೆಯ ಮೇಲೆ ಕೂತ.

‘ಅರೆ ದಾಸಣ್ಣ ಭಾಯಿ, ಸಿನಿಮಾ ಆ ಕಡೆ ಐತೆ,’ ಎಂದರು ಇನಾಯತ್ ಸಾಬರು. ಬೆನ್ನ ಹಿಂದಿನ ಮಾತು ಅವನನ್ನು ಮುಟ್ಟಲಿಲ್ಲ.

‘ಅವನ ತಂಟೆಗೆ ಹೋಗಬೇಡಿ ಸಾಬ್ರೆ. ಕಿವಿ ಇರೋನಿಗೆ ಕಣ್ಣು ಯಾಕ್ರೀ,’ ಎಂದರು ಚಂದ್ರಶೇಖರಯ್ಯ ಹೆಮ್ಮೆಯಿಂದ.

ಹಾಕಿದ ಸಿನಿಮಾ ದಾಸಣ್ಣನಿಗೆ ಬಾಯಿಪಾಠ. ಟೆಂಟಿನಲ್ಲಿ ನಲವತ್ತು ದಿನ ಓಡಿಸಿದ್ದ. ಗೋರಂಟಿ ಹಾಡು ಮುಗಿದ ಆರನೇ ನಿಮಿಷಕ್ಕೆ ತಾಯಿ ಮಂಚ ಹಿಡಿಯುತ್ತಾಳೆ, ಹತ್ತನೇ ನಿಮಿಷಕ್ಕೆ ಸಾಯುತ್ತಾಳೆ. ಗಡಿಯಾರ ಇದ್ದರೆ ಸಾಕು, ಕಿವಿ ಬೇಕಿಲ್ಲ.

ಮೊದಲು ತಗಡಿನ ಪೆಟ್ಟಿಗೆ. ಹಾಡಿನಲ್ಲಿ ಹೆಂಗಸರು ತಲೆದೂಗಿದರು. ತಾಯಿ ಸತ್ತಾಗ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಐದು ಜನರ ಕೈ ನಿಂತವು, ಮೂವರದು ನಿಲ್ಲಲಿಲ್ಲ. ಅದರಲ್ಲೂ ಮೇಷ್ಟ್ರ ಹೆಂಡತಿ ತಾಯಿ ಸಾಯುವ ಮೊದಲೂ ಸತ್ತ ಮೇಲೂ ಒಂದೇ ಸಮ ಸುಲಿದಳು. ಬಾಗಿಲ ಬಳಿ ಕೂತಿದ್ದ ಭೀಮಕ್ಕನ ಸೆರಗು ಹೆಗಲ ಮೇಲೇ ಇತ್ತು. ಪರವಾಗಿಲ್ಲ, ಎಂದುಕೊಂಡ ದಾಸಣ್ಣ. ಇದನ್ನೇ ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಎರಡು ಸೆಟ್ ಇದ್ದಾಗ ಎರಡನ್ನೂ ನೋಡದೆ ಹೇಳುವುದು ಕಸುಬಿಗೆ ಅವಮಾನ.

ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಜಪಾನಿನ ರಿಸೀವರಿಗೆ ಜೋಡಿಸಿದರು. ಹಸಿರು ದೀಪ ಹತ್ತಿದವು. ಹಾಡಿಗೆ ತಕ್ಕಂತೆ ಅದರ ಮೀಟರಿನ ಮುಳ್ಳು ಕುಣಿಯಿತು. ಹೆಂಗಸರು ಮುಳ್ಳನ್ನೇ ನೋಡಿದರು, ಕೈಗಳು ನಿಲ್ಲಲಿಲ್ಲ. ಭೀಮಕ್ಕನ ಸೆರಗು ಒಮ್ಮೆ ತಲೆಯ ಮೇಲೆ ಬಂತು. ದಾಸಣ್ಣ ಹೆಬ್ಬೆರಳನ್ನು ಕೆಳಗೆ ಮಾಡಿದ, ಸಾಬರು ಸೌಂಡು ಇಳಿಸಿದರು, ಸೆರಗು ಹೆಗಲಿಗೆ ಇಳಿಯಿತು.

‘ನೋಡಿದ್ರಾ?’ ಎಂದರು ಚಂದ್ರಶೇಖರಯ್ಯ ಎಲ್ಲರಿಗೂ.

ಆಗ ಜಗದಾಂಬ ಮೆಟ್ಟಿಲ ಮೇಲಿನಿಂದ ಕರೆದರು. ‘ಭೀಮಕ್ಕಾ, ಬಾ ಇಲ್ಲಿ, ಹುಣಸೆಹಣ್ಣು ತೂಕ ಹಾಕ್ಕೊಂಡ್ಬಿಡಾಣ. ನಿಮಗೆ ಬಸ್ ತಪ್ಪೋಗುತ್ತೆ.’

ದೊಡ್ಡ ಮನೆಯವರು ಕರೆದಾಗ ಒಂದು ಹಾಡು ಮುಗಿಯಲಿ ಎನ್ನಲಾಗುವುದಿಲ್ಲ. ಭೀಮಕ್ಕ ಗಂಡನ ಕಡೆ ನೋಡಿದಳು. ಅವನು ಕೈಗಳನ್ನು ನೋಡುತ್ತಿದ್ದ. ಅವಳು ಎದ್ದು ಕೆಳಗೆ ಹೋದಳು.

ಹಾಡು ಮುಗಿದು ತಾಯಿ ಮಂಚ ಹಿಡಿದಳು. ‘ಈಗ ಮುಂದಿಂದು ಬಂದ್, ಹಿಂದಿಂದು ಮಾತ್ರ,’ ಎಂದು ಇನಾಯತ್ ಸಾಬರು ಒಂದು ಗುಂಡಿ ತಿರುಗಿಸಿದರು. ಮುಂದಿನ ಸ್ಪೀಕರು ನಿಂತವು. ಹಿಂದಿನವು ಶುರುವಾಗಲಿಲ್ಲ. ಹಾಲು ಸ್ತಬ್ಧವಾಯಿತು. ಎಲ್ಲೋ ತಂತಿ ಕಳಚಿತ್ತು. ಜಪಾನಿನ ಮಾಲು ಕೈಕೊಟ್ಟಿತು ಎಂದು ಗಿರಾಕಿಯ ಮುಂದೆ ಸಾರುವುದು ವ್ಯಾಪಾರವಲ್ಲ. ‘ಏಕ್ ಮಿನಿಟ್’ ಎಂದು ಮೆಲ್ಲಗೆ ಹೇಳಿ ಸಾಬರು ಟೀವಿ ಮೇಜಿನ ಕೆಳಗೆ ತೂರಿದರು.

ಹೀಗಾಗಿ ಹೆಂಗಸರಿಗೆ ಕಂಡದ್ದು ಇಷ್ಟು: ಮೇಲೆ, ಟೀವಿಯಲ್ಲಿ, ಮಂಚದ ಮೇಲಿನ ತಾಯಿ ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದ್ದಾಳೆ. ಕೆಳಗೆ, ಮೇಜಿನಡಿಯಿಂದ, ಇನಾಯತ್ ಸಾಬರ ಹಿಂಭಾಗ ಮಾತ್ರ ಹೊರಗಿದ್ದು, ತಂತಿ ಸಿಕ್ಕಾಗ ಮೇಲೇಳುತ್ತದೆ, ತಪ್ಪಿದಾಗ ಇಳಿಯುತ್ತದೆ. ತಾಯಿಯ ಬಾಯಿಗೂ ಸಾಬರ ಹಿಂಭಾಗಕ್ಕೂ ಏನೋ ತಾಳ ಕೂಡಿಬಿಟ್ಟಿತ್ತು. ಪಕ್ಕದಲ್ಲಿ ಮನೆಯ ಯಜಮಾನರು ಹುಬ್ಬು ಗಂಟು ಹಾಕಿ ಕೂತಿದ್ದಾರೆ. ನಗುವ ಹಾಗಿಲ್ಲ. ಎಂಟು ಜನರ ಕೈಯೂ ನಿಂತವು. ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೇಷ್ಟ್ರ ಹೆಂಡತಿ ತುಟಿ ಕಚ್ಚಿಕೊಂಡಳು. ಅವಳ ಹೆಗಲು ನಡುಗಿತು, ಕಣ್ಣಲ್ಲಿ ನೀರು ತುಂಬಿತು.

ದಾಸಣ್ಣ ಗಡಿಯಾರ ನೋಡಿದ. ಒಂಬತ್ತೂವರೆ ನಿಮಿಷ. ತಾಯಿ ಸಾಯುತ್ತಿದ್ದಾಳೆ.

ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಹೀಗೆ ಒಬ್ಬರದೂ ಬಿಡದೆ ಎಲ್ಲರ ಕೈಯೂ ನಿಂತದ್ದನ್ನು ನೋಡಿರಲಿಲ್ಲ. ಸುಲಿಯುವುದನ್ನು ಬಿಡದ ಮೇಷ್ಟ್ರ ಹೆಂಡತಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತನ್ನ ತಾಯಿಯ ಹೆಣದ ಮುಂದೆ ಕೂತ ಅಕ್ಕತಂಗಿಯರ ಮುಖಗಳು ಅವನ ಕಣ್ಣಿಗೆ ಬಂದವು. ಅವತ್ತು ಬಾರದ ಅಳು ಈಗ ಬಂದೀತು ಅನ್ನಿಸಿತು. ಅವನು ಎದ್ದು ನಿಂತ.

‘ಇದೇ ಸ್ವಾಮಿ,’ ಎಂದ. ದನಿಯ ಅಳತೆ ಅವನಿಗೆ ಸಿಕ್ಕದೆ, ಮಾತು ಬೀದಿಗೂ ಕೇಳಿತು. ‘ಇನ್ನೇನೂ ನೋಡ್ಬ್ಯಾಡಿ. ಇಂಥಾ ಸೌಂಡು ನಾನು ಹುಟ್ಟಿದಾಗ್ಲಿಂದ ಕೇಳಿಲ್ಲ.’

ಕಟ್ಟೆ ಒಡೆಯಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ತನ್ನ ದನಿ ಜೋರಾಯಿತೇನೋ ಎಂದುಕೊಂಡ ದಾಸಣ್ಣ. ಮಡಿಲಿನ ಸಿಪ್ಪೆಯೆಲ್ಲ ಜಮಖಾನದ ಪಾಲಾಯಿತು. ಇನಾಯತ್ ಸಾಬರು ತಂತಿಯ ತುದಿ ಹಿಡಿದು ಹೊರಬಂದು, ಯಾಕೆ ನಗುತ್ತಾರೆಂದು ತಿಳಿಯದೆ ತಾವೂ ಸ್ವಲ್ಪ ನಕ್ಕು, ಮತ್ತೆ ಬಗ್ಗಿ ಸಿಕ್ಕಿಸಿದರು. ಹಿಂದಿನ ಎರಡು ಮೂಲೆಯಿಂದ ಗಂಡುಮಗನ ಗೋಳಾಟ ಒಮ್ಮೆಲೇ ಎದ್ದಿತು. ಎಲ್ಲರೂ ಬೆಚ್ಚಿ ಹಿಂದೆ ತಿರುಗಿದರು. ಆ ಮೂಲೆಗಳಿಗೇ ಮುಖ ಮಾಡಿ ನಿಂತಿದ್ದ ದಾಸಣ್ಣನೊಬ್ಬ ಬೆಚ್ಚಲಿಲ್ಲ.

ಚಂದ್ರಶೇಖರಯ್ಯನವರು ನಗಲಿಲ್ಲ. ಅವರು ಬೆಚ್ಚದೆ ನಿಂತ ದಾಸಣ್ಣನನ್ನೇ ನೋಡಿದರು. ಆಮೇಲೆ ಹೆಗಲಿನ ಟವೆಲು ತೆಗೆದು ಮುಖ ಒರೆಸಿಕೊಳ್ಳುವವರಂತೆ ಬಾಯಿಗೆ ಅಡ್ಡ ಹಿಡಿದು, ಟವೆಲಿನ ಹಿಂದಿನಿಂದ ಮಾಮೂಲು ದನಿಯಲ್ಲಿ ಹೇಳಿದರು:

‘ದಾಸಣ್ಣ, ಹೊಸ ಥೇಟರಿಗೆ ತುಮಕೂರಿನವರೊಬ್ಬರನ್ನ ಆಪರೇಟರಾಗಿ ಇಟ್ಕೊಳ್ಳಾಣ ಅಂತಿದೀನಿ. ನಿನ್ನನ್ನ ಗೇಟಿಗೆ ಹಾಕ್ತೀನಿ. ಏನಂತೀಯ?’

ದಾಸಣ್ಣ ತಲೆಯಾಡಿಸಿದ. ‘ಆಗ್ಲಿ ಸ್ವಾಮಿ. ನೀವೇ ಹೇಳಿದ್ಮೇಲೆ ಇನ್ನೇನೈತೆ.’

ಹೆಂಗಸರ ನಗು ಅಲ್ಲಿಗೆ ನಿಂತಿತು. ಮೇಷ್ಟ್ರ ಹೆಂಡತಿ ಸಿಪ್ಪೆ ಆರಿಸತೊಡಗಿದಳು. ಖಾಲಿ ಕುಕ್ಕೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದ ಭೀಮಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಚಂದ್ರಶೇಖರಯ್ಯ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಈ ಸಲ ಬಾಯಿ ಚೆನ್ನಾಗಿ ತೆರೆದು, ‘ಕಾಫಿ ಕುಡ್ಕೊಂಡ್ ಹೋಗು’ ಎಂದರು. ಜಪಾನಿನ ಸೆಟ್ಟನ್ನೇ ಇಟ್ಟುಕೊಂಡರು. ದಾಸಣ್ಣ ಆರಿಸಿದ್ದು ಎಂದು ಇಟ್ಟುಕೊಂಡರೋ, ಹಸಿರು ದೀಪಕ್ಕೋ, ಅವರೂ ಹೇಳಲಿಲ್ಲ.

ಸಂಜೆಯ ಶಿರಾ ಬಸ್ಸಿನಲ್ಲಿ ಇಬ್ಬರಿಗೂ ಕಿಟಕಿಯ ಪಕ್ಕ ಜೋಡಿ ಸೀಟು ಸಿಕ್ಕಿತು. ಭೀಮಕ್ಕ ಅವನ ಕಡೆ ತಿರುಗಿ ಕೂತಳು. ಅವಳ ಪಾಲಿನ ಮಾತು ಯಾರಿಗೂ ಕೇಳಲಿಲ್ಲ. ದಾಸಣ್ಣನದು ಡ್ರೈವರನವರೆಗೂ ಕೇಳಿತು.

‘ಆಪರೇಟರ್ ಕೆಲ್ಸ ತುಮ್ಕೂರ್ನೋರಿಗೆ ಓಯ್ತು ಕಣಯ್ಯ. ನಿಂಗೆ ಗೇಟಂತೆ.’

‘ನಾನೇನಂದೆ?’

‘ಆಗ್ಲಿ ಸ್ವಾಮಿ ಅಂದೆ.’

‘ಹೂಂ,’ ಎಂದ ದಾಸಣ್ಣ. ಮಧುಗಿರಿಯ ಒಂದೇ ಬಂಡೆಯ ಬೆಟ್ಟ ಬಸ್ಸಿನ ಹಿಂದೆ ಸರಿಯುತ್ತಿತ್ತು. ಅಷ್ಟು ದೊಡ್ಡ ಬಂಡೆ ಸದ್ದಿಲ್ಲದೆ ಸರಿಯುವುದನ್ನು ಅವನು ನೋಡಿದ. ಅಳುವುದೋ ಬಯ್ಯುವುದೋ ಮಾಡಬಹುದಿತ್ತು. ಒಳಗೆ ಹುಡುಕಿ ನೋಡಿದ. ಎರಡೂ ಕೈಗೆ ಸಿಕ್ಕಲಿಲ್ಲ.

‘ಸೆಟ್ಟು ಮಾತ್ರ ಚೆನ್ನಾಗಿತ್ತು,’ ಎಂದ.

‘ಸೆಟ್ಟು ನಿಂತೋಗಿತ್ತು. ತಂತಿ ಕಿತ್ಕಂಡು ಸೌಂಡೇ ಇರ್ನಿಲ್ವಂತೆ.’ ಸಾಬರು ಮೇಜಿನಡಿ ತೂರಿದ್ದನ್ನು ಅವಳು ಎರಡು ಅಂಗೈ ಏರಿಸಿ ಇಳಿಸಿ ತೋರಿಸಿದಳು. ಮುಂದಿನ ಸೀಟಿನವನು ತಿರುಗಿ ನೋಡಿ, ಮತ್ತೆ ಮುಂದೆ ತಿರುಗಿದ.

ದಾಸಣ್ಣ ಯೋಚಿಸಿದ. ‘ಎಷ್ಟೊತ್ತು ನಿಂತಿತ್ತು?’

‘ಎರಡು ಮೂರು ನಿಮಿಷ ಅಂದ್ರಪ್ಪ.’

‘ಎರಡು ಮೂರು ನಿಮಿಷವಾ!’

ಆ ಇಡೀ ದಿನದಲ್ಲಿ ಅವನಿಗೆ ಆಶ್ಚರ್ಯವಾದದ್ದು ಇದೊಂದಕ್ಕೆ. ಟೆಂಟಿನಲ್ಲಿ ಅರ್ಧ ನಿಮಿಷ ಸೌಂಡು ಹೋದರೆ ಸಾಕು, ‘ಲೇ ದಾಸಾ, ಸೌಂಡ್ ಬುಡ್ಲಾ, ನಿಮ್ಮಪ್ಪನ ಮನೆ ಗಂಟಾ’ ಎಂದು ಗಂಡಸರ ಕಡೆಯಿಂದಲೂ, ‘ಕಾಸು ವಾಪಸ್ ಕೊಡ್ಲಾ ಮೂದೇವಿ’ ಎಂದು ಹೆಂಗಸರ ಕಡೆಯಿಂದಲೂ ಎದ್ದುಬಿಡುತ್ತಿತ್ತು.

‘ಅಷ್ಟು ಜನದಾಗೆ ಒಬ್ರೂ ಕೂಗ್ನಿಲ್ವಾ?’

‘ದೊಡ್ಡೋರ ಮನೆ ಕಣಯ್ಯ. ಹೆಂಗೆ ಕೂಗ್ತಾರೆ?’

‘ಕೂಗಿದ್ರೆ ಬಾಯಾದ್ರೂ ಕಾಣ್ತಿತ್ತು,’ ಎಂದ ದಾಸಣ್ಣ. ಆ ದನಿ ಕೇಳಿ ಕಂಡಕ್ಟರ್ ಇಳಿಯುವವರಿರಬೇಕೆಂದು ಸೀಟಿ ಊದಿದ. ಬಸ್ಸು ಬಯಲಿನ ನಡುವೆ ನಿಂತಿತು, ಯಾರೂ ಇಳಿಯಲಿಲ್ಲ, ಮತ್ತೆ ಹೊರಟಿತು. ಕಂಡಕ್ಟರನ ಕೆನ್ನೆ ಉಬ್ಬಿ ಇಳಿದದ್ದನ್ನು ದಾಸಣ್ಣ ನೋಡಿದ.

‘ಗೇಟು ಅಂದ್ರೆ ಟಿಕೀಟು ಹರಿಯಾದಾ?’

‘ಹೂಂ.’

‘ಜನದ ಮಕಕ್ಕೆ ನಿಂತ್ಕಂಡು?’

‘ಇನ್ನೇನು ಬೆನ್ನಿಗೆ ನಿಂತ್ಕಂಡು ಹರೀತಾರಾ?’

ಬಡವನಹಳ್ಳಿ ಬಂದು ಹೋಯಿತು. ಅಲ್ಲಿಂದಾಚೆ ಅವನು ಒಂದೇ ಮಾತು ಕೇಳಿದ್ದು.

‘ಪರ್ಮನೆಂಟ್ ಥೇಟರ್ನಾಗೆ ಕಡ್ಲೆಕಾಯಿ ಒಳಕ್ಕೆ ಬುಡ್ತಾರಾ?’

ಭೀಮಕ್ಕನಿಗೆ ಗೊತ್ತಿರಲಿಲ್ಲ. ದಾಸಣ್ಣ ಜೇಬಿನಿಂದ ಆ ಬೊಗಸೆ ಕಡಲೆಕಾಯಿ ತೆಗೆದು ಅವಳ ಮಡಿಲಿಗೆ ಹಾಕಿದ. ಇಬ್ಬರೂ ಸುಲಿಯತೊಡಗಿದರು. ಶಿರಾ ಬರುವ ತನಕ ಕೈ ನಿಲ್ಲಲಿಲ್ಲ.